ಬಸ್ಸು, ಅಂಗಡಿ, ಮರ: ಮೂರನ್ನೂ ಒಂದ ಪ್ರಬಂಧದಾಗ ಹಿಡಿಯೂದು ಹ್ಯಾಂಗ?

ಎಂ.ಎ. ಎರಡನೇ ವರ್ಷಕ್ಕೆ ಬಂದವರು, ಪಿಎಚ್‌ಡಿಗೆ ಈಗಷ್ಟೇ ಹೆಸರು ಹಚ್ಚಿದವರು, ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಆರ್ಥಿಕ ಅಭಿವೃದ್ಧಿ, ಸಾರಿಗೆ, ಪರಿಸರ ಮೂರೂ ಸೇರಿಸಿ ಸಂಶೋಧನೆ ಮಾಡ್ರಿ ಅಂತಾರ. ಅದು ಖರೇನ ಮಾಡಾಕ ಬರ್ತದೇನ್ರಿ? ಬಂದ್ರ ಎಲ್ಲಿಂದ ಶುರು ಮಾಡೂದು?’

ಮಾಡಲು ಬರುತ್ತದೆ. ಆದರೆ ವಿಷಯದಿಂದ ಶುರು ಮಾಡಬೇಡಿ, ಜಾಗದಿಂದ ಶುರು ಮಾಡಿ. ಇಂಥ ಪ್ರಬಂಧಗಳು ಸೋಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಆರ್ಥಿಕತೆಯ ಅಧ್ಯಾಯಕ್ಕೆ ಇಡೀ ಜಿಲ್ಲೆಯ ಅಂಕಿ, ಸಾರಿಗೆಯ ಅಧ್ಯಾಯಕ್ಕೆ ಒಂದು ಸರ್ಕಲ್ಲಿನ ಎರಡು ದಿನದ ಎಣಿಕೆ, ಪರಿಸರದ ಅಧ್ಯಾಯಕ್ಕೆ ಯಾವುದೋ ವರ್ಷದ ಉಪಗ್ರಹ ಚಿತ್ರ. ಮೂರಕ್ಕೂ ಒಂದಕ್ಕೊಂದು ಸಂಬಂಧ ಹಚ್ಚಲು ಆಗುವುದೇ ಇಲ್ಲ. ಒಂದೇ ಜಾಗ, ಒಂದೇ ಋತು, ಒಂದೇ ಅಳತೆಯ ತುಂಡು: ಈ ಮೂರು ಕೂಡಿದರೆ ಅರ್ಧ ಕೆಲಸ ಮುಗಿದಂತೆ.

ಹುಬ್ಬಳ್ಳಿ-ಧಾರವಾಡದವರಿಗೆ ಅಂಥ ಜಾಗ ಮನೆಬಾಗಿಲಲ್ಲೇ ಇದೆ. ಪಿ.ಬಿ. (ಪುಣೆ-ಬೆಂಗಳೂರು) ರೋಡಿನ ಮೇಲೆ ಸುಮಾರು 22 ಕಿ.ಮೀ. ಉದ್ದದ, ಬಸ್ಸಿಗೆಂದೇ ಮೀಸಲಾದ ಬಿಆರ್‌ಟಿಎಸ್ ಪಥ, ಅದರ ನಡುವೆ ಓಡುವ ಚಿಗರಿ ಬಸ್ಸು. ಹೊಸೂರಿನ ದಟ್ಟಣೆ, ವಿದ್ಯಾನಗರದ ಕಾಲೇಜುಗಳು, ಉಣಕಲ್ ಕೆರೆ, ಅಮರಗೋಳದ ಎಪಿಎಂಸಿ, ನವನಗರ, ರಾಯಾಪುರ, ಸತ್ತೂರು, ಪೇರಲಕ್ಕೆ ಹೆಸರಾದ ನವಲೂರು, ಆಮೇಲೆ ಧಾರವಾಡದ ಟೋಲ್ ನಾಕಾ, ಜುಬಿಲಿ ಸರ್ಕಲ್. ಪೇಟೆ, ಕ್ಯಾಂಪಸ್ಸು, ಕೆರೆ, ತೋಟ ಎಲ್ಲವೂ ಒಂದೇ ರಸ್ತೆಗೆ ಹೊಂದಿಕೊಂಡಿವೆ. ಸಂಶೋಧಕರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ.

ಈ 22 ಕಿ.ಮೀ.ಯನ್ನು 500 ಮೀಟರಿನ ತುಂಡುಗಳಾಗಿ ಕತ್ತರಿಸಿ. 44 ತುಂಡು ಆಗುತ್ತವೆ. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಒಂದು ಮಧ್ಯಾಹ್ನದ ಕೆಲಸ. ಪ್ರತಿ ತುಂಡಿಗೆ ನಂಬರ್ ಕೊಡಿ. ಮುಂದೆ ಬಸ್ ಎಣಿಸುವವರು, ಅಂಗಡಿ ಸಮೀಕ್ಷೆಯವರು, ಮರ ಅಳೆಯುವವರು ಎಲ್ಲರೂ ಬರೆಯುವ ಪ್ರತಿ ಸಾಲಿನ ಮೊದಲು ಅದೇ ತುಂಡಿನ ನಂಬರು, ತಾರೀಖು, ಗಂಟೆ ಇರಲೇಬೇಕು. ಎಡ ಮತ್ತು ಬಲ ಬದಿಯನ್ನು ಬೇರೆ ಬೇರೆ ಬರೆಯಿರಿ. ಎಡ ಬಲ ಎನ್ನುವುದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮುಖ ಮಾಡಿದಾಗಿನದು ಎಂದು ಫಾರ್ಮಿನ ತಲೆಗೇ ಅಚ್ಚು ಹಾಕಿಸಿ. ಇಲ್ಲದಿದ್ದರೆ ಅರ್ಧ ಅಂಕಿ ಬದಿ ಬದಲಾಗಿ ಕೂರುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ. ವಾರ್ಡನ್ನು ಘಟಕ ಮಾಡಿಕೊಳ್ಳಬೇಡಿ. 2011ರ ಜನಗಣತಿಯ ವಾರ್ಡುಗಳು 67, ಈಗಿನವು 82, ಗಡಿಗಳು ಹೊಂದುವುದಿಲ್ಲ.

ಒಬ್ಬರೇ ಇದ್ದರೆ ಎಲ್ಲ 44 ತುಂಡು ಬೇಡ. ಪೇಟೆಯದು 4, ವಸತಿ-ಕಾಲೇಜಿನದು 4, ಬಯಲಿನದು 4. ಒಟ್ಟು 12 ಸಾಕು. ಪ್ರಯಾಣಿಕರ ಸಮೀಕ್ಷೆಗೆ 384 ಜನರನ್ನು ಕೇಳಿದರೆ ಸಾಕು ಎಂಬ ಸಂಖ್ಯೆಯನ್ನು ಎಲ್ಲರೂ ಹಿಡಿದು ಬರುತ್ತಾರೆ. ಅದು ಶೇ. 95 ವಿಶ್ವಾಸ, ಶೇ. 5 ದೋಷದ ಸೂತ್ರದಿಂದ ಬಂದದ್ದು ನಿಜ. ಆದರೆ 384 ಮಂದಿಯನ್ನು 12 ತುಂಡಿಗೆ ಹಂಚಿದರೆ ತುಂಡಿಗೆ 32 ಜನ, ದೋಷ ಶೇ. 17ಕ್ಕೆ ಏರುತ್ತದೆ. ಹಾಗಾಗಿ ತುಂಡು ತುಂಡನ್ನು ಹೋಲಿಸದೆ ಮೂರು ಗುಂಪುಗಳನ್ನು ಹೋಲಿಸಿ. ಗುಂಪಿಗೆ 128 ಜನ ಸಿಗುತ್ತಾರೆ, ದೋಷ ಶೇ. 9ರ ಒಳಗೆ ನಿಲ್ಲುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುವ ಸಾಧ್ಯತೆ ಹೆಚ್ಚು.

ಸಾರಿಗೆಯ ಭಾಗ ಮೂರರಲ್ಲಿ ಸುಲಭದ್ದು. ಗಾಡಿ ಎಣಿಸಬೇಡಿ, ಮಂದಿಯನ್ನು ಎಣಿಸಿ. ಎರಡು ನಿಮಿಷಕ್ಕೊಂದು ಬಸ್ಸು, ಒಳಗೆ 40 ಜನ ಎಂದು ಹಿಡಿದರೆ ಆ ಒಂದು ಪಥದಲ್ಲಿ ಗಂಟೆಗೆ 1,200 ಜನ ಸಾಗಿದರು. ಪಕ್ಕದ ಪಥದಲ್ಲಿ ಕಾರು, ಬೈಕು, ಆಟೋಗಳೊಳಗೆ ಎಷ್ಟು ಜನ ಸಾಗಿದರು? ಹೋಲಿಕೆ ಅಲ್ಲಿ ಆಗಬೇಕು. ಪಾದಚಾರಿ ಮೇಲ್ಸೇತುವೆ ಇದ್ದಲ್ಲಿ ಮೇಲಿನಿಂದ ಮೊಬೈಲಿನಲ್ಲಿ 15 ನಿಮಿಷಗಳ ವಿಡಿಯೋ ತೆಗೆದು, ಮನೆಯಲ್ಲಿ ನಿಧಾನಗತಿಯಲ್ಲಿ ಓಡಿಸಿ ಎಣಿಸಿ. ರಸ್ತೆ ಬದಿ ನಿಂತು ಕೈಯಲ್ಲಿ ಗೀಟು ಎಳೆಯುವವರಿಗೆ ಸಂಜೆ ಆರರ ಹೊತ್ತಿಗೆ ಬೈಕುಗಳು ತಪ್ಪಿ ಹೋಗುತ್ತವೆ. ಮಂಗಳವಾರದಿಂದ ಗುರುವಾರದೊಳಗೆ ಎಣಿಸಿ. ನಾಗರ ಪಂಚಮಿ, ಗಣಪತಿ ಕೂರುವ ದಿನಗಳು, ಶಿವರಾತ್ರಿಯ ಸಿದ್ಧಾರೂಢರ ಜಾತ್ರೆ, ಪರೀಕ್ಷೆಯ ವಾರಗಳನ್ನು ಬಿಟ್ಟುಬಿಡಿ.

ಪ್ರಯಾಣದ ಸಮಯವನ್ನು ಆರು ತುಂಡು ಮಾಡಿ ಕೇಳಿ: ಮನೆಯಿಂದ ನಿಲ್ದಾಣದವರೆಗಿನ ನಡಿಗೆ, ರಸ್ತೆ ದಾಟಲು ಕಾದದ್ದು, ಟಿಕೆಟ್ ತೆಗೆದುಕೊಂಡದ್ದು, ಬಸ್ಸಿಗೆ ಕಾದದ್ದು, ಬಸ್ಸೊಳಗಿನ ಸಮಯ, ಇಳಿದ ಮೇಲಿನ ನಡಿಗೆ. ಚಿಗರಿಯ ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ದಾಟುವುದೇ ದೊಡ್ಡ ಬಾಬ್ತು, ಅದನ್ನು ಜನ ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ‘ಚಿಗರಿ ಛಲೋ ಐತೇನ್ರಿ?’ ಎಂದು ಕೇಳಿದರೆ ‘ಛಲೋ ಐತ್ರಿ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ನಿನ್ನೆ ಮುಂಜಾನೆ ಯಾವುದರಾಗ ಬಂದ್ರಿ? ಎಷ್ಟೊತ್ತು ನಿಂತ್ರಿ? ಇದು ಇರಲಿಕ್ಕಂದ್ರ ಯಾವುದರಾಗ ಬರ್ತಿದ್ರಿ?’ ಎಂದು ಕೇಳಿ. ಕೊನೆಯ ಪ್ರಶ್ನೆ ಪರಿಸರದ ಲೆಕ್ಕಕ್ಕೆ ಕೀಲಿಕೈ. ಬೈಕು ಬಿಟ್ಟು ಬಂದವರಿಂದ ಪೆಟ್ರೋಲ್ ಉಳಿಯುತ್ತದೆ. ಮೊದಲೂ ಖಾಸಗಿ ಬೇಂದ್ರೆ ಬಸ್ಸಿನಲ್ಲೋ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೋ ಹೋಗುತ್ತಿದ್ದವರಿಂದ ಹೆಚ್ಚೇನೂ ಉಳಿಯುವುದಿಲ್ಲ. ಇಬ್ಬರನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಉಳಿತಾಯ ಎಷ್ಟೋ ಪಟ್ಟು ಉಬ್ಬುತ್ತದೆ. ಬಸ್ ಹತ್ತದವರನ್ನೂ ಕೇಳಬೇಕು, ಅವರು ನಿಲ್ದಾಣದಲ್ಲಿ ಸಿಗುವುದಿಲ್ಲ. ಅಂಗಡಿ, ಆಟೋ ಸ್ಟ್ಯಾಂಡು, ಕಾಲೇಜಿನ ಬೈಕ್ ಪಾರ್ಕಿಂಗಿನಲ್ಲಿ ಸಿಗುತ್ತಾರೆ.

ಟಿಕೆಟ್ ಅಂಕಿ ಬೇಕಾದರೆ ಮೊದಲು ನಿಮ್ಮ ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಬಸ್ ಸಂಸ್ಥೆಯಲ್ಲಿ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಅರ್ಜಿ ಬೀಳುತ್ತದೆ. ‘ಇಂಥ ತಿಂಗಳಿನಲ್ಲಿ ನಿಲ್ದಾಣವಾರು, ಗಂಟೆವಾರು ಪ್ರಯಾಣಿಕರ ಸಂಖ್ಯೆ’ ಎಂದು ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.

ಆರ್ಥಿಕತೆಯ ಭಾಗದಲ್ಲಿ ಜಾರುವವರೇ ಹೆಚ್ಚು. ಜಾಗದ ಬೆಲೆ ತಿಳಿಯಲು ನೋಂದಣಿ ಕಚೇರಿಯ ಕ್ರಯಪತ್ರ ನೋಡುತ್ತಾರೆ. ಅಲ್ಲಿ ಬರೆಯುವ ಮೊತ್ತ ಸಾಮಾನ್ಯವಾಗಿ ಸರ್ಕಾರದ ಮಾರ್ಗಸೂಚಿ ದರದ ಆಸುಪಾಸು ಇರುತ್ತದೆಯೇ ಹೊರತು ಕೈಬದಲಾದ ಹಣವಲ್ಲ. ಅದಕ್ಕಿಂತ ಅಂಗಡಿ ಬಾಡಿಗೆ ನಂಬಬಹುದಾದ ಅಳತೆ. ಆದರೆ ಬಾಡಿಗೆ ಒಂದನ್ನೇ ಕೇಳಿದರೆ ಸಾಲದು, ಡಿಪಾಜಿಟ್ ಸಹ ಕೇಳಬೇಕು. ತಿಂಗಳಿಗೆ 8,000 ಬಾಡಿಗೆ, 2 ಲಕ್ಷ ಡಿಪಾಜಿಟ್ ಇದ್ದ ಅಂಗಡಿಗೆ, ಡಿಪಾಜಿಟ್ಟಿನ ಮೇಲೆ ತಿಂಗಳಿಗೆ ಶೇ. 1 ಬಡ್ಡಿ ಹಿಡಿದರೆ ನಿಜವಾದ ಬಾಡಿಗೆ 10,000. ಇನ್ನೊಂದು ಎಚ್ಚರ: ಪ್ರಯಾಣಿಕರಿಗೆ ಉಳಿದ ಸಮಯದ ಬೆಲೆಯನ್ನೂ, ಏರಿದ ಜಾಗದ ಬೆಲೆಯನ್ನೂ ಎರಡೂ ಲಾಭವೆಂದು ಕೂಡಿಸಬೇಡಿ. ಸಮಯ ಉಳಿಯುತ್ತದೆ ಎಂಬ ಕಾರಣಕ್ಕೇ ಆ ಜಾಗದ ಬೆಲೆ ಏರಿರುತ್ತದೆ. ಒಂದೇ ರೂಪಾಯಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ.

ರಸ್ತೆ ಬದಿಯ ವ್ಯಾಪಾರಿಗಳನ್ನು ಬಿಟ್ಟು ಈ ರಸ್ತೆಯ ಅರ್ಥಶಾಸ್ತ್ರ ಬರೆಯಲಾಗದು. ನವಲೂರಿನ ಪೇರಲ ಬುಟ್ಟಿಯನ್ನೇ ನೋಡಿ. ಬಸ್ಸು ರಸ್ತೆಯ ಎಡಬದಿಗೆ ನಿಂತರೆ ಇಳಿದವರು ಬುಟ್ಟಿಯ ಮುಂದೆಯೇ ಹಾಯುತ್ತಾರೆ. ನಿಲ್ದಾಣ ನಡುವಿಗೆ ಹೋದರೆ ಅವರು ಇಳಿಯುವುದು ಬುಟ್ಟಿಯಿಂದ ದೂರದಲ್ಲಿ, ದಾಟುವ ಗಡಿಬಿಡಿಯಲ್ಲಿ. ಕಾರು, ಬೈಕಿನವರು ನಿಲ್ಲಿಸಿ ಕೊಳ್ಳುವುದು ಹೆಚ್ಚಿತೇ ಕಡಿಮೆಯಾಯಿತೇ, ನಷ್ಟ ಅದರಿಂದ ತುಂಬಿತೇ ಎಂಬುದು ಅಳೆದು ನೋಡಬೇಕಾದ ಮಾತು. ‘ತಿಂಗಳಿಗೆ ಆದಾಯ ಎಷ್ಟು?’ ಎಂದು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಕೈಯಲ್ಲಿ ಫಾರ್ಮು ಹಿಡಿದವರನ್ನು ಎತ್ತಂಗಡಿ ಮಾಡಿಸಲು ಬಂದವರು ಎಂದುಕೊಳ್ಳುವುದು ಸಹಜ. ಅದರ ಬದಲು, ‘ಯವ್ವಾ, ಇವತ್ತ ಎಷ್ಟ ಬುಟ್ಟಿ ತಂದೀರಿ? ಸಂಜೀಕ ಎಷ್ಟ ಉಳೀತದ? ಉಳಿದದ್ದು ಏನ ಮಾಡ್ತೀರಿ?’ ಎಂದು ಕೇಳಿ. ಬುಟ್ಟಿಗೆ ಎಷ್ಟು ಕೆ.ಜಿ. ಎಂದು ಒಂದೆರಡು ಬುಟ್ಟಿ ತೂಗಿ ನೋಡಿ, ಮುಂಜಾನೆಯ ದರ ಮತ್ತು ಸಂಜೆಯ ಇಳಿದ ದರ ಎರಡನ್ನೂ ಬರೆದುಕೊಳ್ಳಿ. ಹಣ್ಣಿನ ಸುಗ್ಗಿಯ ಹೊರಗೆ ಹೋದರೆ ಅಲ್ಲಿ ವ್ಯಾಪಾರಿಗಳೇ ಕಡಿಮೆ, ಆಗ ‘ಯೋಜನೆಯಿಂದ ವ್ಯಾಪಾರ ಹೋಯಿತು’ ಎಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ. ಹೆಸರು, ಫೋನ್ ನಂಬರು ಬರೆದುಕೊಳ್ಳಬೇಡಿ. ಒಪ್ಪಿಗೆಯ ಮಾತನ್ನು ಕನ್ನಡದಲ್ಲೇ ಓದಿ ಹೇಳಿ.

ಇನ್ನು ಮರ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆದುಕೊಳ್ಳಬೇಕು, 3.14ರಿಂದ ಭಾಗಿಸಿದರೆ ವ್ಯಾಸ. ಟೇಪು ಹಿಂಬದಿಯಲ್ಲಿ ಇಳಿಬೀಳದಂತೆ ಒಬ್ಬರು ಸುತ್ತ ನಡೆದು ನೋಡಬೇಕು. ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆಯಾಗಿ ಅಳೆಯಿರಿ. ಪಿ.ಬಿ. ರೋಡಿನಂಥ ಕಡೆ ಇನ್ನೊಂದು ತೊಡಕಿದೆ: ರಸ್ತೆ, ಫುಟ್‌ಪಾತು ಏರಿಸಿದಲ್ಲಿ ಮರದ ಬುಡ ಹೂತುಹೋಗಿರುತ್ತದೆ. ಈಗಿನ ನೆಲದಿಂದ 1.37 ಮೀಟರ್ ಎಂದರೆ ಹಳೆಯ ನೆಲದಿಂದ ಇನ್ನೂ ಮೇಲೆ. ಅಂಥ ಮರದ ಮುಂದೆ ಗುರುತು ಹಾಕಿ ಬರೆಯಿರಿ, ಹಳೆಯ ದಾಖಲೆಯೊಂದಿಗೆ ಹೋಲಿಸಬೇಡಿ.

157 ಸೆಂ.ಮೀ. ಸುತ್ತಳತೆಯ ಮರವೆಂದರೆ 50 ಸೆಂ.ಮೀ. ವ್ಯಾಸ. ಎತ್ತರ 12 ಮೀಟರ್, ಕಟ್ಟಿಗೆಯ ಸಾಂದ್ರತೆ ಘನ ಸೆಂ.ಮೀ.ಗೆ 0.6 ಗ್ರಾಂ ಎಂದು ಹಿಡಿದು, ಈ ಅಳತೆಗಳಿಂದ ಮರದ ತೂಕ ಅಂದಾಜಿಸುವ ಶಾವ್ ಮತ್ತು ಸಂಗಡಿಗರ 2014ರ ಸಮೀಕರಣ ಹಚ್ಚಿದರೆ ನೆಲದ ಮೇಲಿನ ಒಣ ತೂಕ ಸುಮಾರು 960 ಕೆ.ಜಿ. ಅದರಲ್ಲಿ ಇಂಗಾಲ 450 ಕೆ.ಜಿ.; ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ 1,650 ಕೆ.ಜಿ. ಈಗ ಡೀಸೆಲ್ ಕಡೆ ಬನ್ನಿ. ಒಂದು ಲೀಟರ್ ಸುಟ್ಟರೆ ಸುಮಾರು 2.68 ಕೆ.ಜಿ. ಡೈಆಕ್ಸೈಡ್. ಲೀಟರಿಗೆ 4 ಕಿ.ಮೀ. ಕೊಡುವ ಬಸ್ಸು ದಿನಕ್ಕೆ 200 ಕಿ.ಮೀ. ಓಡಿದರೆ 50 ಲೀಟರ್, 134 ಕೆ.ಜಿ. ಅಂದರೆ ಅಷ್ಟು ದೊಡ್ಡ ಮರ ದಶಕಗಳಿಂದ ಹಿಡಿದಿಟ್ಟದ್ದು ಒಂದು ಬಸ್ಸಿನ ಹನ್ನೆರಡು ದಿನದ ಹೊಗೆಗೆ ಸಮ.

ಈ ಲೆಕ್ಕ ನೋಡಿ ‘ಹಂಗಾದ್ರ ಮರ ಕಡದ್ರೂ ನಡೀತದ’ ಎಂದು ಬರೆದವರು ಪ್ರಶ್ನೆಯನ್ನೇ ತಪ್ಪು ಹಾಕಿಕೊಂಡಿದ್ದಾರೆ. ರಸ್ತೆ ಮರದ ಬೆಲೆ ಇಂಗಾಲದಲ್ಲಿಲ್ಲ, ನೆರಳಿನಲ್ಲಿದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 12ರಿಂದ 3ರೊಳಗೆ, ನೆರಳಿನ ಡಾಂಬರು ಮತ್ತು ಬಿಸಿಲಿನ ಡಾಂಬರು ಎರಡರ ಉಷ್ಣತೆಯನ್ನೂ ಐದು ನಿಮಿಷದ ಅಂತರದೊಳಗೆ ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ. ಗಾಳಿಯ ಉಷ್ಣತೆಯನ್ನು 1.5 ಮೀಟರ್ ಎತ್ತರದಲ್ಲಿ, ಮಾಪಕಕ್ಕೆ ಬಿಸಿಲು ತಾಗದಂತೆ ಅಳೆಯಿರಿ. ಆಮೇಲೆ ನಿಮ್ಮ ಪ್ರಯಾಣಿಕರ ಫಾರ್ಮು ತೆಗೆದು, ನೆರಳಿದ್ದ ತುಂಡುಗಳಿಂದ ನಿಲ್ದಾಣಕ್ಕೆ ನಡೆದು ಬರುವವರು ಹೆಚ್ಚೋ, ಆಟೋದಲ್ಲಿ ಬರುವವರು ಹೆಚ್ಚೋ ನೋಡಿ. ಮೂರೂ ವಿಷಯ ನಿಜವಾಗಿ ಕೂಡುವುದು ಇಲ್ಲಿ. ನೆರಳು ಹೋದರೆ ನಡಿಗೆ ಹೋಗುತ್ತದೆ, ನಡಿಗೆ ಹೋದರೆ ಬಸ್ಸಿನ ಗಿರಾಕಿಯೂ ಬುಟ್ಟಿಯ ಗಿರಾಕಿಯೂ ಹೋಗುತ್ತಾರೆ ಎಂಬ ಊಹೆಯನ್ನು ಪರೀಕ್ಷಿಸಲು ಬೇಕಾದ ಅಂಕಿ ಆಗ ನಿಮ್ಮ ಕೈಯಲ್ಲೇ ಇರುತ್ತದೆ.

ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಟ್ಟರಾಯಿತು ಎಂಬ ಮಾತಿಗೂ ಅದೇ ಸಮೀಕರಣ ಹಚ್ಚಿ ನೋಡಿ. 5 ಸೆಂ.ಮೀ. ವ್ಯಾಸ, 4 ಮೀಟರ್ ಎತ್ತರಕ್ಕೆ ಬೆಳೆದ ಹತ್ತು ಸಸಿಗಳು ಸೇರಿ ಸುಮಾರು 37 ಕೆ.ಜಿ. ಎದುರಿಗೆ ಆ ಒಂದೇ ಮರದ 960.

ಗಾಳಿ, ಸದ್ದಿನ ಬಗ್ಗೆ ಎರಡೇ ಮಾತು. ಗಾಳಿಯಲ್ಲಿನ ಅತಿ ಸಣ್ಣ ದೂಳನ್ನು ಅಳೆಯುವ ಅಗ್ಗದ ಪಿಎಂ 2.5 ಮಾಪಕಗಳು ಮಳೆಗಾಲದ ತೇವದಲ್ಲಿ ಹೆಚ್ಚಿಗೆ ತೋರಿಸುತ್ತವೆ. ಅಧಿಕೃತ ಕೇಂದ್ರದ ಪಕ್ಕದಲ್ಲಿ ಎರಡು ವಾರ ಇಟ್ಟು ಹೊಂದಿಸದೆ ಅದರ ಅಂಕಿ ಬಳಸಬೇಡಿ. ಡೆಸಿಬೆಲ್ಲುಗಳನ್ನು ನೇರ ಕೂಡಿ ಭಾಗಿಸಬೇಡಿ. 70 ಮತ್ತು 80ರ ಸರಾಸರಿ 75 ಅಲ್ಲ, 77.4.

‘ಮೊದಲು-ಆಮೇಲೆ’ ಹೋಲಿಕೆ ಮಾಡುವವರಿಗೆ ಈ ರಸ್ತೆಯ ತಾರೀಖುಗಳು ಬಾಯಿಪಾಠ ಇರಬೇಕು. ಪ್ರಾಯೋಗಿಕ ಓಡಾಟ 2018ರ ಅಕ್ಟೋಬರಿನಲ್ಲಿ, ಅಧಿಕೃತ ಉದ್ಘಾಟನೆ 2020ರ ಫೆಬ್ರುವರಿ 2ರಂದು. ಎರಡು ತಿಂಗಳು ತುಂಬುವ ಮೊದಲೇ ಲಾಕ್‌ಡೌನ್. 2023ರ ಜೂನ್ 11ರಿಂದ ಶಕ್ತಿ ಯೋಜನೆ. ಚನ್ನಮ್ಮ ಸರ್ಕಲ್ಲಿನ ಮೇಲ್ಸೇತುವೆ ಕಾಮಗಾರಿ ಹುಬ್ಬಳ್ಳಿ ಕಡೆಯ ಸಂಚಾರವನ್ನೇ ಬೇರೆ ಮಾಡಿದೆ. 2017ರ ಅಂಕಿ ಒಂದು ಕಡೆ, 2024ರ ಅಂಕಿ ಇನ್ನೊಂದು ಕಡೆ ಇಟ್ಟು ನಡುವಿನ ವ್ಯತ್ಯಾಸವನ್ನೆಲ್ಲ ಬಸ್ ಪಥದ ಲೆಕ್ಕಕ್ಕೆ ಬರೆಯುವುದು ತಪ್ಪು. ಗೋಕುಲ ರೋಡಿನಂಥ, ಬಸ್ ಪಥವಿಲ್ಲದ ಇನ್ನೊಂದು ರಸ್ತೆಯನ್ನು ಜೊತೆಗಿಟ್ಟು ಅದೇ ಎರಡು ಕಾಲದಲ್ಲಿ ಅಲ್ಲಿ ಏನಾಯಿತು ನೋಡಿ, ಆ ಬದಲಾವಣೆಯನ್ನು ಕಳೆಯಿರಿ. ಹಳೆಯ ಮರಗಳಿಗೆ ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು ಸಾಕಾಗುತ್ತವೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಬೇಡ, ಅದರ ಒಂದು ಪಿಕ್ಸೆಲ್ 30 ಮೀಟರ್, ಮರವೂ ಡಾಂಬರೂ ಅದರೊಳಗೆ ಕಲಸಿಹೋಗುತ್ತವೆ.

ಗದಗ, ಹಾವೇರಿಯವರು ಇದೇ ಕ್ರಮವನ್ನು ಹೆದ್ದಾರಿಗೆ ಹಚ್ಚಬಹುದು, ಆದರೆ ಮರದ ಬದಲು ಹುಲ್ಲುಗಾವಲನ್ನು ಅಳೆಯಬೇಕಾಗುತ್ತದೆ. ಬಸ್ಸಿಗೆ ಹೆಸರು ಕೊಟ್ಟ ಚಿಗರಿ (ಕೃಷ್ಣಮೃಗ) ಬದುಕುವುದು ಬಯಲು ಹುಲ್ಲಿನಲ್ಲಿ. ರಾಣೆಬೆನ್ನೂರಿನ ಅಭಯಾರಣ್ಯ ಇರುವುದೇ ಅದಕ್ಕೆ. ಮರ ಎಣಿಸಿ ಪರಿಸರ ಅಳೆದರೆ ಅಂಥ ಬಯಲಿಗೆ ಸೊನ್ನೆ ಅಂಕ ಬೀಳುತ್ತದೆ.

ಕೊನೆಗೆ ಎಲ್ಲವನ್ನೂ ರೂಪಾಯಿಗೆ ಇಳಿಸಿ ಒಂದೇ ಅಂಕಿ ಕೊಡಿ ಎಂದು ಮಾರ್ಗದರ್ಶಕರು ಒತ್ತಾಯಿಸಬಹುದು. ಒಪ್ಪಬೇಡಿ. ಪ್ರತಿ ತುಂಡಿಗೆ ಒಂದು ಸಾಲು: ಗಂಟೆಗೆ ಸಾಗಿದ ಮಂದಿ, ಮನೆಬಾಗಿಲಿನಿಂದ ಮನೆಬಾಗಿಲಿಗೆ ಹಿಡಿದ ನಿಮಿಷ, ಡಿಪಾಜಿಟ್ ಸೇರಿದ ಬಾಡಿಗೆ, ಉಳಿದ ಬುಟ್ಟಿ, ನೆರಳಿರುವ ಮೀಟರು, ನೆರಳು-ಬಿಸಿಲಿನ ಉಷ್ಣತೆಯ ಅಂತರ. ಹನ್ನೆರಡು ಸಾಲಿನ ಈ ಕೋಷ್ಟಕ ಒಂದೇ ಪುಟದಲ್ಲಿ ಕೂರುತ್ತದೆ. ಪ್ರಬಂಧದ ಉಳಿದ ಪುಟಗಳು ಅದರ ವಿವರಣೆ. ಅಳೆದ ಮರಕ್ಕೆ ನಂಬರು ಹಾಕುವಾಗ ಮೊಳೆ ಹೊಡೆಯಬೇಡಿ, ಸೀಮೆಸುಣ್ಣದಲ್ಲಿ ಬರೆದು ಫೋಟೋ ತೆಗೆದುಕೊಳ್ಳಿ.