ಲಾಂಚ್ ತಪ್ಪಿದ ರಾತ್ರಿ

ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ, ಕಳೆದ ಭಾನುವಾರದಿಂದ ಒಂದು ಮಾತು ನನ್ನೊಳಗೆ ಕೂತಿದೆ.

"ಈಗ ಯಾರಿಗೂ ಲಾಂಚ್ ತಪ್ಪದಿಲ್ಲ ನೋಡು ತಮ್ಮಾ."

ಹೇಳಿದವರು ಎಪ್ಪತ್ತರ ಅಮ್ಮ. ದೂರುವ ದನಿಯಲ್ಲಿ ಅಲ್ಲ, ಮೆಚ್ಚುವ ದನಿಯಲ್ಲೂ ಅಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಾ, ತಲೆ ಎತ್ತದೆ ಹೇಳಿದ್ದು. ಕೈ ನಿಲ್ಲಲಿಲ್ಲ. ಸಿಪ್ಪೆ ಒಂದು ಕಡೆ, ಹಣ್ಣಾದ ಗೋಟಡಿಕೆ ಒಂದು ಕಡೆ, ಸುಲಿದ ಅಡಿಕೆ ಬುಟ್ಟಿಗೆ.

ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಗೆ ನಾನು ಮೊದಲು ಹೋಗಿದ್ದು 13 ವರ್ಷದ ಹಿಂದೆ, ಸಹಪಾಠಿಯೊಬ್ಬನ ಜೊತೆ. ಈ ಅಮ್ಮ ಅವನ ಅತ್ತೆ. ಸಾಗರದಿಂದ ಬಸ್ಸಿನಲ್ಲಿ ಅಂಬಾರಗೋಡ್ಲು, ಅಲ್ಲಿಂದ ಬಸ್ಸು ಜೀಪು ಜನ ಎಲ್ಲವನ್ನೂ ಒಟ್ಟಿಗೆ ಹೊತ್ತ ಲಾಂಚು, ಆಚೆ ದಡ ಕಳಸವಳ್ಳಿ. ಎಂಜಿನ್ನಿನ ಗುಡುಗುಡು ನಿಂತ ಮೇಲೆ ಕಿವಿಗೆ ಬಿದ್ದ ಮೌನ ಇನ್ನೂ ನೆನಪಿದೆ. ಅವತ್ತು ಊಟ ಮುಗಿಸಿ, ತೋಟ ಸುತ್ತಿ, ಹರಟೆ ಹೊಡೆದು ದಡಕ್ಕೆ ಬರುವಷ್ಟರಲ್ಲಿ ಕೊನೆಯ ಲಾಂಚು ನೀರಿನ ನಡುವೆ ಇತ್ತು. ಕೂಗಿದರೆ ಕೇಳುವ ದೂರ, ಆದರೆ ತಿರುಗುವ ದೂರ ಅಲ್ಲ. ತಲೆ ತಗ್ಗಿಸಿ ವಾಪಸು ಬಂದೆವು. ಅಂಗಳದಲ್ಲಿ ನಿಂತಿದ್ದ ಅಮ್ಮ, "ಹಾರ್ನ್ ಕೇಳಿತು. ಆಗಲೇ ಎರಡು ಪಾವು ಅಕ್ಕಿ ಜಾಸ್ತಿ ಹಾಕಿದೆ" ಎಂದರು. ನಾವು ಲಾಂಚ್ ತಪ್ಪಿಸಿಕೊಳ್ಳುವುದು ನಮಗಿಂತ ಮೊದಲು ಅವರಿಗೆ ಗೊತ್ತಾಗಿತ್ತು!

ಆ ರಾತ್ರಿ ಜಗಲಿಯಲ್ಲಿ ಹತ್ತು ಜನ ಅಡಿಕೆ ಸುಲಿಯುತ್ತಿದ್ದರು. ನನಗೂ ಒಂದು ಕತ್ತಿ ಕೊಟ್ಟರು. ನಾನು ಸುಲಿದ ಅಡಿಕೆಗಿಂತ ಹೆಬ್ಬೆರಳಿನ ಚರ್ಮವೇ ಹೆಚ್ಚು ಸುಲಿದಿತ್ತು. ಯಾರೋ ಯಕ್ಷಗಾನದ ಪದ ಎತ್ತಿದರು, ಯಾರೋ ನೆಂಟಸ್ತಿಕೆಯ ಜಗಳ ತೆಗೆದರು. ಮಲಗುವಾಗ ಹನ್ನೆರಡಾಗಿತ್ತು.

ಈ ಸಲ ಹೋಗಿದ್ದು ಕಾರಿನಲ್ಲಿ, ಇನ್ನೊಬ್ಬ ಗೆಳೆಯನ ಜೊತೆ. ಒಳ್ಳೆಯವನೇ, ಕಷ್ಟಕ್ಕೆ ಒದಗುವವನು. ಆದರೆ ಪ್ರವಾಸದಲ್ಲಿ ಅವನ ಬಾಯಲ್ಲಿ ಒಂದೇ ಕ್ರಿಯಾಪದ: ಕವರ್ ಮಾಡೋದು. ಬೆಳಿಗ್ಗೆ ಸಿಗಂದೂರು ಕವರ್ ಮಾಡೋಣ, ಮಧ್ಯಾಹ್ನ ಹಿನ್ನೀರು ಕವರ್ ಮಾಡೋಣ, ಟೈಮ್ ಸಿಕ್ಕರೆ ಜೋಗ. ಊರನ್ನು ಬಟ್ಟೆ ಹೊದಿಸಿ ಮುಚ್ಚಿಟ್ಟು ಹೊರಡುವವರ ಹಾಗೆ.

ಲಾಂಚು ದಾಟುತ್ತಿದ್ದ ನೀರಿನ ಮೇಲೆ ಹೊಸ ಸೇತುವೆ 2025ರ ಜುಲೈ 14ರಂದು ತೆರೆದಿದೆ. ಎರಡು ಕಿಲೋಮೀಟರಿಗೂ ಉದ್ದ, ಮೇಲೆ ಬೀಸಣಿಗೆಯಂತೆ ಹರಡಿದ ಕೇಬಲ್ಲುಗಳು. ಚಂದವಾಗಿದೆ, ಸುಳ್ಳು ಹೇಳಬಾರದು. ನಡುವೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರ ಸಾಲು, ಆ ಸಾಲಿನಲ್ಲಿ ನಾವೂ. ಅದನ್ನು ಬಿಟ್ಟರೆ ದಾಟಲು ಮೂರು ನಿಮಿಷ ಸಾಕು. ಆಚೆ ಇಳಿದಾಗ, ಲಾಂಚಿನಲ್ಲಿ ಹೋಗುತ್ತಿದ್ದ ಆ ಸೊಗಸು ಹೋಯಿತಲ್ಲ ಎಂದು ನನಗೆ ಪೇಟೆಯವರ ದುಃಖ ಒತ್ತರಿಸಿ ಬಂತು. ಅದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ತಪ್ಪು.

ಅಮ್ಮನ ಮಗ ಕಣ ಗುಡಿಸುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತರು. "ನಿಮಗೆ ಅದು ಸೊಗಸು ಮಾರಾಯ್ರೆ. ನಾನು ಹೆಂಡತಿ ಹೆರಿಗೆಗೆ ಒಂದು ತಿಂಗಳು ಮೊದಲೇ ಸಾಗರದ ನೆಂಟರ ಮನೆಯಲ್ಲಿ ಬಿಟ್ಟು ಬಂದವನು. ನಡುರಾತ್ರಿ ನೋವು ಬಂದ್ರೆ ಲಾಂಚ್ ಎಲ್ಲಿಂದ ತರಲಿ? ಬೇಸಿಗೆಯಲ್ಲಿ ನೀರು ಇಳಿದ್ರೆ ಗಾಡಿ ಹತ್ತಿಸ್ತಿರಲಿಲ್ಲ. ಸೊಗಸಂತೆ." ಮತ್ತೆ ಗುಡಿಸತೊಡಗಿದರು. ನನ್ನ ಮುಖಕ್ಕೂ ಒಂದು ಪೊರಕೆ ಬಿದ್ದಂತಾಯಿತು.

ಅವರ ಸಿಟ್ಟು ನ್ಯಾಯದ್ದು. ಈ ಜನ ದ್ವೀಪಕ್ಕೆ ಬಂದು ನೆಲೆಸಿದವರಲ್ಲ, ದ್ವೀಪವೇ ಇವರ ಸುತ್ತ ಬಂದು ನಿಂತಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಏರುತ್ತಾ ಬಂದು ಗದ್ದೆ, ತೋಟ, ದಾರಿ, ದೇವಸ್ಥಾನ ಎಲ್ಲವನ್ನೂ ನುಂಗಿತು. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿದೆ ಎಂದ ಮೇಲೆ ಮನೆಗಳ ಲೆಕ್ಕ ಯಾರಿಗೆ! ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದರ ಕಲ್ಲುಗೋಡೆ ತಲೆ ಎತ್ತುತ್ತದೆ. ನಾಡಿನ ಮನೆಗಳಿಗೆ ಕರೆಂಟು ಕೊಡಲು ಮುಳುಗಿದವರು ಒಂದು ಸೇತುವೆಗೆ 61 ವರ್ಷ ಕಾದರು. ಅಂಥವರ ಅಂಗಳದಲ್ಲಿ ನಿಂತು ನಾನು ಲಾಂಚಿನ ಸೊಗಸು ಹೇಳಿದೆ.

ಮುಳುಗಡೆಯಾದಾಗ ಅಮ್ಮನಿಗೆ ಎಂಟೋ ಒಂಬತ್ತೋ. ತೋಟದಂಚಿಗೆ ಕರೆದುಕೊಂಡು ಹೋಗಿ ನೀರಿನತ್ತ ಬೆರಳು ಮಾಡಿದರು. "ಅಗೋ ಅಲ್ಲಿ, ಆ ಒಣಮರದ ಬೊಡ್ಡೆ ಕಾಣ್ತದಲ್ಲ, ಅದರ ಆಚೆ ನಮ್ಮ ಅಪ್ಪನ ಮನೆ." ನಾನು ನೋಡಿದೆ. ಬರೀ ನೀರು, ಒಂದು ನೀರುಕಾಗೆ, ದೂರದಲ್ಲಿ ಕೊಡಚಾದ್ರಿಯ ನೀಲಿ ಸಾಲು. ಗೆಳೆಯ ಅಷ್ಟರಲ್ಲಿ ವಿಡಿಯೊ ಮಾಡಿಕೊಂಡು, "ಏನು ವ್ಯೂ ಗುರು" ಎಂದ. ಅವನನ್ನೂ ಬೈಯುವ ಹಾಗಿಲ್ಲ. ಗೊತ್ತಿಲ್ಲದವರಿಗೆ ಅದು ವ್ಯೂ ಅಲ್ಲದೆ ಇನ್ನೇನು?

ಜಗಲಿಯಲ್ಲಿ ಈಗ ಸುಲಿಯಲು ಕೂತವರು ಇಬ್ಬರೇ, ಅಮ್ಮ ಮತ್ತು ಸೊಸೆ. ಅಡಿಕೆಯೂ ಕಡಿಮೆ, ಎಲೆಚುಕ್ಕಿ ರೋಗ ಬಂದು ತೋಟದ ಅರ್ಧ ಮರಗಳ ಗರಿ ಸುಟ್ಟಂತಾಗಿದೆ. ಸಂಜೆ ಐದಾಗಿತ್ತು. ಗೆಳೆಯ ಕೀಲಿ ಕುಣಿಸುತ್ತಿದ್ದ. "ಉಳೀರಿ, ಕತ್ತಲಾಗ್ತದೆ" ಎಂದರು ಅಮ್ಮ. "ಇಲ್ಲಮ್ಮ, ಸೇತುವೆ ಇದೆಯಲ್ಲ, ಎಷ್ಟೊತ್ತಿಗೆ ಬೇಕಾದರೂ ಹೋಗಬಹುದು" ಎಂದೆ ನಾನು. ಆಗ ಬಂದ ಮಾತು ಅದು.

"ಹೌದು. ಈಗ ಯಾರಿಗೂ ಲಾಂಚ್ ತಪ್ಪದಿಲ್ಲ ನೋಡು ತಮ್ಮಾ."

ಅವರು ಸೇತುವೆ ಬೇಡ ಅನ್ನಲಿಲ್ಲ. ಮೊಮ್ಮಗನಿಗೆ ಜ್ವರ ಏರಿದಾಗ ರಾತ್ರಿ ಒಂದು ಗಂಟೆಗೆ ದಾಟಿ ಸಾಗರಕ್ಕೆ ಹೋದ ಕತೆಯನ್ನು ಅವರೇ ಖುಷಿಯಿಂದ ಹೇಳಿದ್ದರು. ಆದರೆ ನಾನು ಆ ವಾಕ್ಯವನ್ನು ನಾಲ್ಕು ದಿನದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಆ ಮನೆಯಲ್ಲಿ ನೆಂಟರು ಉಳಿಯಲು ಕಾರಣ ಬೇಕಿರಲಿಲ್ಲ, ಲಾಂಚೇ ಕಾರಣ ಕೊಡುತ್ತಿತ್ತು. ಉಳಿಯುವವರಿಗೆ ದಾಕ್ಷಿಣ್ಯ ಇಲ್ಲ, ಉಳಿಸಿಕೊಳ್ಳುವವರಿಗೆ ಒತ್ತಾಯದ ಕೆಲಸ ಇಲ್ಲ. ಈಗ ಉಳಿಯಬೇಕೆಂದರೆ, ಇವತ್ತು ಉಳಿಯುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ನನಗೆ ಹೇಳಲು ಬರಲಿಲ್ಲ. ಸೋಮವಾರ ಆಫೀಸು ಇತ್ತು ನಿಜ, ಆದರೆ ಆವತ್ತೂ ಮರುದಿನ ಪರೀಕ್ಷೆ ಇತ್ತು!

ಸಾಗರ ಮುಟ್ಟಿದ ಮೇಲೆ ಅಮ್ಮನ ಮಗನಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ನೆಟ್‌ವರ್ಕ್ ಸಿಕ್ಕಿತು. ಬೆಳಗಿನ ಸಿಟ್ಟು ಅವರಿಗೆ ಮರೆತೇ ಹೋಗಿತ್ತು.

"ಮುಟ್ಟಿದ್ರಾ? ಒಳ್ಳೇದಾಯ್ತು. ನಾಳೆ ಬೆಳಿಗ್ಗೆ ನಮಗೆಲ್ಲ ಚಿತ್ರಾನ್ನವೇ ಗತಿ ನೋಡಿ," ಎಂದು ನಕ್ಕರು. "ಅಮ್ಮ ಎರಡು ಪಾವು ಅಕ್ಕಿ ಜಾಸ್ತಿ ಹಾಕಿಬಿಟ್ಟಿದಾಳೆ."