ದೇವಳಾಲಿಯ ಲೆಕ್ಕದ ಮೇಷ್ಟ್ರು

2025 ಶುರುವಾದಾಗ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿತ್ತು. 45ನ್ನ 45ರಿಂದಲೇ ಗುಣಿಸಿದ್ರೆ 2025, ಅದನ್ನ ಮಧ್ಯಕ್ಕೆ ಮುರಿದು 20 ಮತ್ತು 25 ಕೂಡಿದ್ರೆ ವಾಪಸ್ 45, ಎಂಥ ವಿಚಿತ್ರ ನೋಡಿ ಅಂತ. ಎಲ್ರೂ ಕೈ ಮುಗಿಯೋ ಇಮೋಜಿ ಹಾಕಿದ್ರು. ಇಂಥ ಸಂಖ್ಯೆಗಳಿಗೆ ಕಾಪ್ರೇಕರ್ ಸಂಖ್ಯೆ ಅಂತಾನೇ ಹೆಸರಿದೆ, ಆ ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಅದ್ರಲ್ಲಿತ್ತು. ನಂಗೆ ಸ್ವಲ್ಪ ಉರೀತು, ಯಾಕಂದ್ರೆ ಅದೇ ಜನವರಿ 17ಕ್ಕೆ ಆ ಕಾಪ್ರೇಕರ್ ಹುಟ್ಟಿ 120 ವರ್ಷ ಆಗ್ತಿತ್ತು.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು 1905ರಲ್ಲಿ, ಮುಂಬೈ ಹತ್ರದ ಡಹಾಣೂಲಿ. ಪುಣೆಯ ಫರ್ಗ್ಯುಸನ್ ಕಾಲೇಜು, 1929ರಲ್ಲಿ ಡಿಗ್ರಿ, ಆಮೇಲೆ 1930ರಿಂದ 1962ರವರೆಗೂ ನಾಸಿಕ್ ಪಕ್ಕದ ದೇವಳಾಲಿಯ ಸ್ಕೂಲಲ್ಲಿ ಮೇಷ್ಟ್ರು. ಅಷ್ಟೇ. ಪಿಎಚ್‌ಡಿ ಇಲ್ಲ, ಯೂನಿವರ್ಸಿಟಿ ಕೆಲಸ ಇಲ್ಲ. ಕುಡುಕನಿಗೆ ಹೆಂಡ ಹೇಗೋ ನಂಗೆ ಸಂಖ್ಯೆಗಳು ಹಾಗೆ, ಆ ಅಮಲಿಂದ ಇಳಿಯೋಕೇ ಮನಸ್ಸಾಗಲ್ಲ ಅನ್ನೋ ಅರ್ಥದಲ್ಲಿ ಹೇಳ್ತಿದ್ರಂತೆ.

ನಂಗೆ ಅವರ ಪರಿಚಯ ಆಗಿದ್ದು ಹಾಸ್ಟೆಲಲ್ಲಿ, ಒಂದು ಬೆಟ್ ಕಟ್ಟಿದ್ರಿಂದ. ರೂಮ್‌ಮೇಟ್ ಬಂದು, ಲೇ, ನಾಲ್ಕಂಕಿ ಸಂಖ್ಯೆ ಯಾವ್ದಾದ್ರೂ ಬರ್ಕೋ, ನಾಲ್ಕೂ ಅಂಕಿ ಒಂದೇ ಆಗಿರಬಾರ್ದು ಅಷ್ಟೇ, ಅಂಕಿಗಳನ್ನ ದೊಡ್ಡದ್ರಿಂದ ಚಿಕ್ಕದಕ್ಕೆ ಜೋಡಿಸು, ಆಮೇಲೆ ಚಿಕ್ಕದ್ರಿಂದ ದೊಡ್ಡದಕ್ಕೆ, ಅದ್ರಿಂದ ಇದನ್ನ ಕಳಿ, ಬಂದಿದ್ದಕ್ಕೆ ಮತ್ತೆ ಹಾಗೇ ಮಾಡು, ಏಳು ಸಲದ ಒಳಗೆ 6174 ಬರ್ಲಿಲ್ಲ ಅಂದ್ರೆ ನಾಳೆ ಕಾಫಿ ನಂದು ಅಂದ. ನಾನು ಬೇಕಂತಲೇ ತಲೆಹರಟೆ ಸಂಖ್ಯೆ ತಗೊಂಡೆ, 1112. 2111ರಲ್ಲಿ 1112 ಕಳೆದ್ರೆ 999. 999ರಲ್ಲಿ 999 ಕಳೆದ್ರೆ ಸೊನ್ನೆ. ಮುಗೀತು! ನಿಮ್ಮ ಕಾಪ್ರೇಕರ್ ಸುಳ್ಳು, ಎರಡೇ ಸ್ಟೆಪ್ಪಲ್ಲಿ ಮಲಗಿಸ್ದೆ ಅಂತ ಕಾರಿಡಾರಿಗೆಲ್ಲಾ ಕೇಳೋ ಹಾಗೆ ಕೂಗಿದೀನಿ. ಅವನು ಏನೂ ಮಾತಾಡದೆ ನನ್ನ ಪೆನ್ನು ಇಸ್ಕೊಂಡು 999ರ ಹಿಂದೆ ಒಂದು ಸೊನ್ನೆ ಬರೆದ, 0999. ನಾಲ್ಕಂಕಿ ಅಂದ್ರೆ ನಾಲ್ಕಂಕಿನೇ ಕಣೋ ಅಂದ. 9990ರಲ್ಲಿ 0999 ಹೋದ್ರೆ 8991, ಆಮೇಲೆ 8082, 8532, 6174. ಕಾಫಿ ನಾನೇ ಕೊಡಿಸ್ದೆ.

ಆದ್ರೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಬರೋದು ಗೊತ್ತಾಯ್ತು, ಯಾಕೆ ಬರುತ್ತೆ? ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಚ್ತಾ ಕೂತೆ. ಅಂಕಿಗಳನ್ನ ಇಳಿಕೆ ಕ್ರಮದಲ್ಲಿ ಇಟ್ಕೊಂಡ್ರೆ ಮೊದಲನೇದಕ್ಕೂ ಕೊನೇದಕ್ಕೂ ಎಷ್ಟು ವ್ಯತ್ಯಾಸ, ಮಧ್ಯದ ಎರಡಕ್ಕೂ ಎಷ್ಟು ವ್ಯತ್ಯಾಸ, ಇವೆರಡೇ ಸಾಕು, ಉತ್ತರ ಯಾವಾಗ್ಲೂ ಮೊದಲ ವ್ಯತ್ಯಾಸದ 999 ಪಟ್ಟು, ಅದಕ್ಕೆ ಎರಡನೇದರ 90 ಪಟ್ಟು ಕೂಡಿದಷ್ಟು. 2025 ತಗೊಳಿ, ಅಂಕಿಗಳು 5, 2, 2, 0, ಆಚೆಯಿಂದೀಚೆಗೆ 5, ಮಧ್ಯದಲ್ಲಿ ಸೊನ್ನೆ, ಹಾಗಾಗಿ 999ರ ಐದು ಪಟ್ಟು 4995. ಅಂದ್ರೆ ಹೆಚ್ಚುಕಮ್ಮಿ ಹತ್ತು ಸಾವಿರ ಸಂಖ್ಯೆಗಳೆಲ್ಲಾ ಮೊದಲ ಕಳೆತಕ್ಕೇ ಬರೀ 54 ಸಂಖ್ಯೆಗಳಿಗೆ ಬಂದು ಬೀಳ್ತವೆ! ಆ 54ನ್ನ ಕೈಯಲ್ಲೇ ಒಂದೊಂದಾಗಿ ಮಾಡಿ ನೋಡಬಹುದು, ನೋಡ್ದೆ ಕೂಡ, ಬೆಳಗಿನ ಜಾವ ಮೂರಕ್ಕೋ ಏನೋ ಮುಗೀತು, ಎಲ್ಲವೂ 6174ರ ಮನೆಗೇ ಬಂದ್ವು. ನನ್ನ ಜೀವನದಲ್ಲಿ ನಾನೇ ಕೂತು ಪ್ರೂಫ್ ಅಂತ ಮಾಡಿದ ಮೊದಲ ವಸ್ತು ಅದು. ಎಕ್ಸಾಮಿಗೆ ಉರು ಹೊಡೆದಿದ್ದೆಲ್ಲಾ ಲೆಕ್ಕಕ್ಕಿಲ್ಲ.

ಈ ವಿಷಯಾನ ಅವರು 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಹೇಳಿದ್ರು. ಆ ಕಾಲದ ನಮ್ಮ ದೊಡ್ಡ ಗಣಿತಜ್ಞರು ಇವರನ್ನ ಅಷ್ಟೇನೂ ಹಚ್ಕೊಳ್ಳಲಿಲ್ಲ, ಮಕ್ಕಳಾಟ ಅಂತ ಬಿಟ್ಟವರೇ ಜಾಸ್ತಿ. ಚಿಕ್ಕ ಚಿಕ್ಕ ಪುಸ್ತಿಕೆಗಳನ್ನ ಸ್ವಂತವಾಗಿ ಅಚ್ಚು ಹಾಕಿಸ್ತಿದ್ರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ್ಮೇಲೆ ಹೊರದೇಶಗಳಲ್ಲಿ ಹೆಸರಾಯ್ತು, ಆಗ ಮೇಷ್ಟ್ರಿಗೆ ಎಪ್ಪತ್ತು. ಮಕ್ಕಳಾಟ ಅಂದವರ ಮಾತಲ್ಲಿ ಹುರುಳಿಲ್ಲ ಅನ್ನಲ್ಲ ನಾನು. ಹತ್ತತ್ತರ ಗುಂಪಿನ ಬದಲು ಎಂಟೆಂಟರದ್ದೋ ಇನ್ನೊಂದೋ ಗುಂಪು ಮಾಡಿ, ಬೇರೆ ಆಧಾರದಲ್ಲಿ ಅಂಕಿ ಬರೆದ್ರೆ 6174ರ ಈ ಮಹಿಮೆ ಇರಲ್ಲ, ಅದು ಸಂಖ್ಯೆಯ ಗುಣಕ್ಕಿಂತ ನಾವು ಬರೆಯೋ ರೀತಿಯ ಗುಣ. ಆದ್ರೆ ದೊಡ್ಡ ಗಣಿತದ ಬಾಗಿಲಲ್ಲಿ ನಿಂತ್ರೆ ಒಳಗೆ ಹೋಗೋಕೆ ಹತ್ತು ವರ್ಷ ಓದಿರಬೇಕು, ಈ ಮೇಷ್ಟ್ರ ಮನೆಗೆ ಕಳೆಯೋ ಲೆಕ್ಕ ಬಂದ್ರೆ ಸಾಕು. ನನ್ನಂಥೋರು ಒಳಗೆ ಬಂದಿದ್ದೇ ಹಾಗೆ.

ಹೆಸರಿಡೋದ್ರಲ್ಲೂ ಅವರದ್ದೇ ಸೊಗಸು. ಅಂಕಿಗಳ ಮೊತ್ತದಿಂದಲೇ ಭಾಗ ಹೋಗೋ ಸಂಖ್ಯೆಗೆ ಹರ್ಷದ, ಅಂದ್ರೆ ಹರ್ಷ ಕೊಡೋದು. ಗಣಿತಜ್ಞ ರಾಮಾನುಜನ್ ಹೆಸರಿನ ಜೊತೆ ಯಾವಾಗ್ಲೂ ಬರೋ 1729 ಹರ್ಷದವೇ, ಅಂಕಿ ಕೂಡಿದ್ರೆ 19, ಹತ್ತೊಂಬತ್ತು ತೊಂಬತ್ತೊಂದಲಿ 1729. 6174ರ ಅಂಕಿ ಕೂಡಿದ್ರೆ 18, ಭಾಗಿಸಿದ್ರೆ 343, ಅದು 7ರ ಘನ! ಡೆಮ್ಲೋ ಸಂಖ್ಯೆ ಅಂತ ಇನ್ನೊಂದಿದೆ, 111ರ ವರ್ಗ 12321 ಥರದ್ದು, ಮುಂಬೈ ಹತ್ರದ ಒಂದು ರೈಲ್ವೆ ಸ್ಟೇಷನ್ ಹೆಸರು, ಈಗಿನ ಡೊಂಬಿವಲಿ. ಅಲ್ಲಿ ಹೊಳೆದಿದ್ದಕ್ಕೆ ಸ್ಟೇಷನ್ ಹೆಸರನ್ನೇ ಇಟ್ಬಿಟ್ರು.

ನನಗಿಷ್ಟ ಆಗಿದ್ದು ಸ್ವಯಂಭೂ. 15ಕ್ಕೆ ಅದರ ಅಂಕಿಗಳನ್ನ ಕೂಡಿ, 21 ಆಗುತ್ತೆ, ಹಾಗಾಗಿ 21ಕ್ಕೆ ಹೆತ್ತವರು 15. ಆದ್ರೆ 20ನ್ನ ಹೀಗೆ ಹೆರೋ ಸಂಖ್ಯೆ ಯಾವುದೂ ಇಲ್ಲ, ತಾನೇ ಹುಟ್ಟಿದ್ದು, ಸ್ವಯಂಭೂ.

ಹೋದ ತಿಂಗಳು ಅಕ್ಕನ ಮಗಳಿಗೆ ಇದನ್ನ ಹೇಳ್ಕೊಟ್ಟೆ. ಅವಳು ಹುಟ್ಟಿದ್ದು 2012, ಅದಕ್ಕೆ 2005 ಸಿಕ್ತು, ಖುಷಿಯಾದ್ಲು. ಆಮೇಲೆ ನನ್ನ 1985 ಹಿಡ್ಕೊಂಡ್ಲು. ಅರ್ಧ ಗಂಟೆ, ರಫ್ ಬುಕ್ಕಿನ ಎರಡು ಪುಟ, 1964ಕ್ಕೆ 1984 ಬರುತ್ತೆ, 1965ಕ್ಕೆ 1986, ಮಧ್ಯದ್ದು ತಪ್ಪಿಸ್ಕೊಂಡು ಹೋಗ್ತಾನೇ ಇದೆ. ಕೊನೆಗೆ ಪೆನ್ನು ಕಚ್ಕೊಂಡು, ಮಾವ, ನಿಂಗೆ ಅಪ್ಪ ಅಮ್ಮ ಯಾರೂ ಇಲ್ಲ ಅಂದ್ಲು. ಒಳಗಿಂದ ಅಮ್ಮ, ಯಾರ್ ಹೇಳಿದ್ದು ಹಾಗಂತ ಅಂದ್ರು.

1986, ಮೇಷ್ಟ್ರು ತೀರ್ಕೊಂಡ ವರ್ಷ ಅದು ಅಂದೆ. ಹುಟ್ಟಿದ್ದು ಯಾವಾಗ ಅಂತ ಕೇಳಿ, 1905 ಅಂದಿದ್ದೇ ತಡ, ಹೊಸ ಪುಟ ತಿರುಗಿಸಿ ಕೂತ್ಲು. 1884 ಅಂತ ಹೇಳೋಕೆ ಬಾಯಿಗೆ ಬಂದಿತ್ತು, ಸುಮ್ನಾದೆ.