ಸೊಂಟ ನೋವಿನ ಮಾತ್ರೆ ಕೇಳುವವರಿಗೆ

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಮೆಡಿಕಲ್ ಶಾಪ್‌ನಲ್ಲಿ ಎಲ್ಲರೂ ಕೇಳುವುದು ನೋವಿನ ಮಾತ್ರೆ. ರಾತ್ರಿಯವರೆಗೂ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರ ಸೊಂಟ, ಭುಜ ಹಿಡಿದುಕೊಂಡಿರುತ್ತವೆ. ಕೂಲಿ ಬಿಡುವ ಹಾಗಿಲ್ಲ. ಖಾಲಿ ಸ್ಟ್ರಿಪ್ ತೋರಿಸಿ "ಅಣ್ಣಾ, ಇದೇ ಕೊಡಿ" ಅನ್ನುತ್ತಾರೆ. ಹೆಚ್ಚಾಗಿ ಅದು ಡೈಕ್ಲೊಫೆನಾಕ್ ಅಥವಾ ಅಸೆಕ್ಲೊಫೆನಾಕ್. ಡಾಕ್ಟರ ಚೀಟಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ಕೇಳುತ್ತೇನೆ, ಕಿಡ್ನಿಯ ಭಯಕ್ಕೆ.

ಕಿಡ್ನಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಅಗಲವಾಗಿರಲು ನಮ್ಮ ದೇಹ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ತಯಾರಿಸುತ್ತದೆ. ನೋವು, ಊತದಲ್ಲೂ ಅದರ ಪಾಲಿದೆ. ಈ ಮಾತ್ರೆಗಳು ಅದನ್ನೇ ತಡೆಯುತ್ತವೆ. ನೋವು ಇಳಿಯುತ್ತದೆ, ಕಿಡ್ನಿಗೆ ರಕ್ತವೂ ಕಮ್ಮಿಯಾಗಬಹುದು. ಆರೋಗ್ಯವಾಗಿರುವವರು ಒಂದೆರಡು ದಿನ ತಗೊಂಡರೆ ಸಾಮಾನ್ಯವಾಗಿ ತೊಂದರೆಯಿಲ್ಲ. ವಯಸ್ಸಾದವರು, ಶುಗರ್ ಇರುವವರು, ಸರಿಯಾಗಿ ನೀರು ಕುಡಿಯದೆ ದುಡಿಯುವವರು ತಿಂಗಳುಗಟ್ಟಲೆ ನುಂಗಿದರೆ ಕಷ್ಟ. ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಇದ್ದರಂತೂ ನನಗೆ ನಿಜಕ್ಕೂ ಭಯವಾಗುತ್ತದೆ.

ಕಿಡ್ನಿ ಹೀಗೆ ಹಾಳಾಗುವಾಗ ಸಾಮಾನ್ಯವಾಗಿ ನೋಯುವುದೇ ಇಲ್ಲ, ಅದೇ ಅಲ್ವಾ ಸಂಕಟ. ಕಾಲು ಊದಿ, ಊಟ ಸೇರದ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ದಿನಾ ನೋವಿನ ಮಾತ್ರೆ ತಗೊಳ್ಳುವವರು ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್, ಮೂತ್ರದ ಪರೀಕ್ಷೆ ಮಾಡಿಸಲೇಬೇಕು.

"ನಾನು ತಗೊಳ್ಳೋದು ಬರೀ ಪ್ಯಾರಸಿಟಮಾಲ್" ಅನ್ನುವವರೂ ಇದ್ದಾರೆ. ಮಿತಿಯಲ್ಲಿದ್ದರೆ ಅದು ಕಿಡ್ನಿಗೆ ಅಷ್ಟು ಅಪಾಯವಲ್ಲ. ಆದರೆ ಎಷ್ಟೋ ಮಾತ್ರೆಗಳಲ್ಲಿ ಅದರ ಜೊತೆ ಅಸೆಕ್ಲೊಫೆನಾಕ್ ಕೂಡ ಸೇರಿರುತ್ತದೆ. ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಎರಡೂ ಹೆಸರಿರುತ್ತವೆ. ಓದಲಾಗದಿದ್ದರೆ ಅಂಗಡಿಗೆ ತನ್ನಿ, ಓದಿ ಹೇಳುತ್ತೇನೆ. ಸಂಕೋಚ ಬೇಡ.